ಒಂದು ರೂಪಾಯಿಯ ‘ಉಚಿತ ಪ್ರಯೋಗ’, ತಿಂಗಳಿಗೆ ₹399 ಕಡಿತ: ತಪ್ಪು ಯಾರದು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಮೊಬೈಲಿನಲ್ಲಿ ವಿಡಿಯೊ ನೋಡುತ್ತಿದ್ದಾಗ ಇಂಗ್ಲಿಷ್ ಮಾತನಾಡಲು ಕಲಿಸುವ ಆ್ಯಪ್ ಒಂದರ ಜಾಹೀರಾತು ಬಂತು. ‘ಏಳು ದಿನ ಸಂಪೂರ್ಣ ಉಚಿತ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದಿತ್ತು. ಧಾರಾವಾಹಿಯಲ್ಲಿ ನೋಡಿದ ಮುಖವೊಂದು ‘ನಾನೂ ಇದರಲ್ಲೇ ಕಲಿತೆ’ ಎನ್ನುತ್ತಿತ್ತು. ಒತ್ತಿದೆ. ಖಾತೆ ಖಚಿತಪಡಿಸಲು ಒಂದು ರೂಪಾಯಿ ಕೇಳಿತು, ಯುಪಿಐ ಪಿನ್ ಹಾಕಿದೆ. ಎರಡು ದಿನ ನೋಡಿದೆ, ಹಿಡಿಸಲಿಲ್ಲ, ಆ್ಯಪ್ ಅಳಿಸಿ ಹಾಕಿದೆ. ಮೊನ್ನೆ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಮೂರು ತಿಂಗಳಿಂದ ₹399ರಂತೆ ಹಣ ಹೋಗಿರುವುದು ಕಂಡಿತು. ‘ಪಿನ್ ಒತ್ತಿದ್ದು ನೀನೇ, ಈಗ ಯಾರನ್ನು ಕೇಳುತ್ತೀಯ’ ಎಂದು ಯಜಮಾನರು ಹೇಳುತ್ತಾರೆ. ನಿಜವಾಗಿಯೂ ತಪ್ಪು ನನ್ನದೇ? ಹಣ ವಾಪಸ್ ಬರುತ್ತದೆಯೇ? ಇಂಥದ್ದನ್ನು ಮೊದಲೇ ಗುರುತಿಸುವುದು ಹೇಗೆ? (ಹೆಸರು ಪ್ರಕಟಿಸಬೇಡಿ.)

ಉತ್ತರ: ಮೊದಲು ಒಂದು ಕೆಲಸ ಮುಗಿಸಿ, ಆಮೇಲೆ ಮುಂದೆ ಓದಿ. ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ನಿಮ್ಮ ಖಾತೆಯಿಂದ ಹಣ ತೆಗೆಯುವ ಅನುಮತಿ ಇರುವುದು ಆ ಆ್ಯಪಿನೊಳಗಲ್ಲ. ಬ್ಯಾಂಕು ಮತ್ತು ಯುಪಿಐ ವ್ಯವಸ್ಥೆಯಲ್ಲಿ ಅದು ‘ಆಟೊಪೇ ಮ್ಯಾಂಡೇಟ್’ ಎಂದು ಪ್ರತ್ಯೇಕವಾಗಿ ದಾಖಲಾಗಿರುತ್ತದೆ. ನೀವು ಯಾವ ಯುಪಿಐ ಆ್ಯಪಿನಲ್ಲಿ ಆ ಒಂದು ರೂಪಾಯಿ ಕೊಟ್ಟಿರೋ ಅದನ್ನು ತೆರೆದು, ನಿಮ್ಮ ಪ್ರೊಫೈಲ್ ಪುಟಕ್ಕೆ ಹೋಗಿ, ‘ಆಟೊಪೇ’ ಎಂಬ ಭಾಗವನ್ನು ಹುಡುಕಿ. ಚಾಲ್ತಿಯಲ್ಲಿರುವ ಮ್ಯಾಂಡೇಟುಗಳ ಪಟ್ಟಿ ಅಲ್ಲಿ ಕಾಣುತ್ತದೆ. ಈ ಕಂಪನಿಯ ಹೆಸರಿನ ಮುಂದಿರುವುದನ್ನು ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಂಡು, ಆಮೇಲೆ ರದ್ದು ಮಾಡಿ. ರದ್ದು ಮಾಡುವಾಗ ಪಿನ್ ಕೇಳಬಹುದು, ಹೆದರಬೇಡಿ. ನಿಮ್ಮದೇ ಆ್ಯಪಿನಲ್ಲಿ, ನೀವೇ ತೆರೆದ ಪುಟದಲ್ಲಿ ಕೇಳುವುದು ಸಹಜ. ಚಂದಾ ಪ್ಲೇ ಸ್ಟೋರ್ ಮೂಲಕ ಆಗಿದ್ದರೆ ಅಲ್ಲಿನ ‘ಪಾವತಿಗಳು ಮತ್ತು ಚಂದಾದಾರಿಕೆಗಳು’ ಪುಟದಲ್ಲಿಯೂ ಅದು ಕಾಣಬೇಕು. ಐಫೋನ್ ಇದ್ದವರಿಗೆ ಸೆಟ್ಟಿಂಗ್ಸ್‌ನಲ್ಲಿ ಅವರ ಹೆಸರಿನ ಕೆಳಗೇ ಈ ಪಟ್ಟಿ ಇರುತ್ತದೆ. ಎಲ್ಲಿ ಇದೆ ಎಂಬ ಸಂಶಯವಿದ್ದರೆ ಎರಡೂ ಕಡೆ ನೋಡಿಬಿಡಿ. ನಾಲ್ಕನೆಯ ₹399 ಹೋಗದಂತೆ ಇವತ್ತೇ ತಡೆಯುವುದು ಎಲ್ಲಕ್ಕಿಂತ ಮುಖ್ಯ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು, ಏಕೆಂದರೆ ಹಣ ಕಳೆದುಕೊಂಡವರು ಮೊದಲು ಎಡವುವುದೇ ಇಲ್ಲಿ. ಆ ಕಂಪನಿಯ ಗ್ರಾಹಕ ಸೇವೆಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ ಕರೆ ಮಾಡಬೇಡಿ. ಅಲ್ಲಿ ನಕಲಿ ಸಂಖ್ಯೆಗಳನ್ನು ಹಾಕಿಕೊಂಡು ಕಾಯುವ ಕಳ್ಳರಿದ್ದಾರೆ. ‘ಹಣ ವಾಪಸ್ ಕಳಿಸುತ್ತೇವೆ, ಪಿನ್ ಒತ್ತಿ’ ಎಂದು ಯಾರಾದರೂ ಹೇಳಿದರೆ ಕರೆ ಕಡಿದುಬಿಡಿ. ಹಣ ಪಡೆಯಲು ಪಿನ್ ಬೇಕಿಲ್ಲ. ಹಾಗೆ ಮೋಸಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ಸಹಾಯವಾಣಿ. ನಿಮ್ಮ ಈಗಿನ ದೂರಿನ ದಾರಿ ಬೇರೆ.

ಈಗ ನಿಮ್ಮ ಮೊದಲ ಪ್ರಶ್ನೆ. ಯಜಮಾನರ ಮಾತು ಬ್ಯಾಂಕಿನ ಮಟ್ಟಿಗೆ ನಿಜ, ಜಾಹೀರಾತಿನ ಮಟ್ಟಿಗೆ ನಿಜವಲ್ಲ. ಈ ಎರಡನ್ನು ಬೆರೆಸಿಬಿಡುವುದರಿಂದಲೇ ಎಷ್ಟೋ ಜನ ದೂರು ಕೊಡುವ ಮೊದಲೇ ಸೋತಿರುತ್ತಾರೆ.

ಬ್ಯಾಂಕು ಕೇಳುವುದು ಒಂದೇ ಪ್ರಶ್ನೆ: ಈ ಮ್ಯಾಂಡೇಟಿಗೆ ಖಾತೆದಾರರು ಪಿನ್ ಹಾಕಿ ಒಪ್ಪಿಗೆ ಕೊಟ್ಟಿದ್ದಾರೆಯೇ? ನೀವು ಕೊಟ್ಟಿದ್ದೀರಿ. ಹಾಗಾಗಿ ‘ನನಗೆ ಗೊತ್ತಿಲ್ಲದೆ ಯಾರೋ ಹಣ ಕದ್ದಿದ್ದಾರೆ’ ಎಂದು ಬ್ಯಾಂಕಿಗೆ ಬರೆದರೆ ದೂರು ನಿಲ್ಲುವುದಿಲ್ಲ, ಹಾಗೆ ಬರೆಯಲೂ ಬೇಡಿ. ಗ್ರಾಹಕ ಕಾನೂನು ಕೇಳುವುದು ಇನ್ನೊಂದು ಪ್ರಶ್ನೆ: ಆ ಪಿನ್ ಒತ್ತುವಂತೆ ನಿಮ್ಮನ್ನು ಕರೆದುತಂದ ಜಾಹೀರಾತು ನಿಜ ಹೇಳಿತ್ತೇ? ಒಂದು ರೂಪಾಯಿಗೆ ನೀವು ಒಪ್ಪಿದಿರಿ. ತಿಂಗಳು ತಿಂಗಳು ₹399ಕ್ಕೆ ನೀವು ಒಪ್ಪುವಂತೆ ಯಾರಾದರೂ ನಿಮ್ಮನ್ನು ತಿಳಿಯುವ ರೀತಿಯಲ್ಲಿ ಕೇಳಿದರೇ? ಸಂತೆಯಲ್ಲಿ ಬೆಲ್ಲದ ವ್ಯಾಪಾರಿ ರುಚಿ ನೋಡಲು ಒಂದು ಚೂರು ಕೊಡುತ್ತಾನೆ. ತಿಂದು ಮುಂದೆ ಹೋದವರು ಹಿಂತಿರುಗಿ ಬಂದು ‘ಬೇಡ’ ಎನ್ನಲಿಲ್ಲವೆಂದು ತಿಂಗಳಿಗೊಂದು ಪೆಂಟೆಯ ಹಣವನ್ನು ಅವನು ವಸೂಲಿ ಮಾಡಿದರೆ ಊರು ಸುಮ್ಮನಿರುತ್ತದೆಯೇ? ಮೊಬೈಲಿನೊಳಗೆ ನಡೆದ ಮಾತ್ರಕ್ಕೆ ಅದೇ ವ್ಯವಹಾರ ನ್ಯಾಯವಾಗುವುದಿಲ್ಲ.

ಇದು ನನ್ನ ಅಭಿಪ್ರಾಯವಷ್ಟೇ ಅಲ್ಲ, ನಿಯಮವೇ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ‘ಉಚಿತ’ ಎಂದು ಹೇಳುವ ಜಾಹೀರಾತುಗಳಿಗೇ ಮೀಸಲಾದ ಭಾಗವಿದೆ. ಜಾಹೀರಾತಿಗೆ ಸ್ಪಂದಿಸಲು ತಗಲುವ ಅನಿವಾರ್ಯ ವೆಚ್ಚ ಮತ್ತು ವಸ್ತುವನ್ನು ತರಿಸಿಕೊಳ್ಳುವ ಖರ್ಚು ಬಿಟ್ಟು ಬೇರೇನನ್ನಾದರೂ ಗ್ರಾಹಕರು ಕೊಡಬೇಕಾಗಿದ್ದರೆ ಅದನ್ನು ಉಚಿತ ಎನ್ನುವಂತಿಲ್ಲ. ಪ್ಯಾಕಿಂಗ್ ಖರ್ಚು, ನಿರ್ವಹಣಾ ಶುಲ್ಕ ಎಂದು ವಸೂಲಿ ಮಾಡಿಕೊಂಡು ಉಚಿತ ಎನ್ನುವಂತಿಲ್ಲ. ಇಷ್ಟವಾಗದಿದ್ದರೆ ಹಣ ವಾಪಸ್ ಕೊಡುವ ಯೋಜನೆಗೆ ‘ಉಚಿತ ಪ್ರಯೋಗ’ ಎಂದು ಹೆಸರಿಡುವಂತಿಲ್ಲ, ಏಕೆಂದರೆ ಮೊದಲು ಹಣ ಹೋಗಿರುತ್ತದೆ. ನಿಮ್ಮ ವಿಷಯಕ್ಕೆ ನೇರವಾಗಿ ತಾಗುವ ಮಾತು ಇನ್ನೊಂದಿದೆ: ಉಚಿತ ಕೊಡುಗೆಯನ್ನು ಪಡೆಯಲು ಗ್ರಾಹಕರು ಎಷ್ಟರ ಮಟ್ಟಿಗೆ ಬದ್ಧರಾಗಬೇಕಾಗುತ್ತದೆ ಎಂಬುದನ್ನು ಜಾಹೀರಾತು ಸ್ಪಷ್ಟಪಡಿಸಬೇಕು. ಎಂಟನೆಯ ದಿನದಿಂದ ಹಣ ಕಡಿತವಾಗುತ್ತದೆ ಎಂಬುದೇ ಆ ಬದ್ಧತೆ. ಅದನ್ನು ‘ಸಂಪೂರ್ಣ ಉಚಿತ’ದ ಹಿಂದೆ ಬಚ್ಚಿಟ್ಟರೆ ಜಾಹೀರಾತು ಮುಖ್ಯವಾದ ಸಂಗತಿಯನ್ನೇ ಮುಚ್ಚಿಟ್ಟಂತೆ.

ಕಂಪನಿಯವರ ಉತ್ತರ ಏನಿರುತ್ತದೆ ಎಂದು ಈಗಲೇ ಹೇಳಬಲ್ಲೆ: ‘ಷರತ್ತುಗಳನ್ನು ಕೆಳಗೆ ಬರೆದಿದ್ದೆವು.’ ಬರೆದಿರುತ್ತಾರೆ, ನಿಜ. ಇಂಥ ಜಾಹೀರಾತುಗಳನ್ನು ಹತ್ತಿರದಿಂದ ನೋಡಿ. ಪರದೆಯ ಮುಕ್ಕಾಲು ಭಾಗ ನಗುವ ಮುಖ ಮತ್ತು ‘ಉಚಿತ’ ಎಂಬ ಹಳದಿ ಅಕ್ಷರ. ಅದರ ಕೆಳಗೆ ‘ಇನ್ನು 09:58 ನಿಮಿಷ ಮಾತ್ರ’ ಎಂದು ಇಳಿಯುತ್ತಾ ಹೋಗುವ ಗಡಿಯಾರ. ಅದರ ಕೆಳಗೆ ಪರದೆಯ ಅಗಲಕ್ಕೂ ಹಬ್ಬಿದ ಹಸಿರು ಗುಂಡಿ: ‘ಈಗಲೇ ಶುರುಮಾಡಿ’. ಗುಂಡಿಗೂ ಪರದೆಯ ಅಂಚಿಗೂ ನಡುವೆ, ಬೂದು ಬಣ್ಣದಲ್ಲಿ, ಇರುವೆ ಸಾಲಿನಷ್ಟು ಸಣ್ಣದಾಗಿ ಒಂದು ಇಂಗ್ಲಿಷ್ ವಾಕ್ಯ: ಪ್ರಯೋಗದ ಅವಧಿ ಮುಗಿದ ಮೇಲೆ ತಿಂಗಳಿಗೆ ₹399 ತಾನಾಗಿ ನವೀಕರಣಗೊಳ್ಳುತ್ತದೆ, ಯಾವಾಗ ಬೇಕಾದರೂ ರದ್ದು ಮಾಡಬಹುದು. ಕರೆಯುವುದು ಕನ್ನಡದಲ್ಲಿ, ಕಟ್ಟಿಹಾಕುವುದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಾರದವರಿಗೆ ಇಂಗ್ಲಿಷ್ ಕಲಿಸುವುದಾಗಿ ಹೇಳಿ, ಷರತ್ತನ್ನು ಮಾತ್ರ ಅವರು ಇನ್ನೂ ಕಲಿಯದ ಭಾಷೆಯಲ್ಲಿ ಬರೆಯುವುದು ನನಗೆ ಈ ಇಡೀ ದಂಧೆಯಲ್ಲೇ ಅತ್ಯಂತ ಹೀನ ಅನ್ನಿಸುತ್ತದೆ.

2022ರ ಮಾರ್ಗಸೂಚಿ ಇದಕ್ಕೂ ಉತ್ತರ ಕೊಟ್ಟಿದೆ, ನಮ್ಮ ಓದುಗರಿಗೆ ಇದು ಗೊತ್ತಿರುವುದು ಕಡಿಮೆ. ಜಾಹೀರಾತಿನ ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತಿನ ಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು. ಅದರ ಅಕ್ಷರವೂ ಮುಖ್ಯ ಮಾತಿನ ಅಕ್ಷರದಂತೆಯೇ ಇರಬೇಕು. ಅದು ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು. ಟಿಪ್ಪಣಿಯು ಮುಖ್ಯ ಮಾತನ್ನು ವಿವರಿಸಬಹುದೇ ಹೊರತು ಅದಕ್ಕೆ ವಿರುದ್ಧವಾಗಿ ಹೇಳುವಂತಿಲ್ಲ. ಮೇಲೆ ಆಡಿದ ಸುಳ್ಳನ್ನು ಕೆಳಗೆ ತಿದ್ದುವಂತಿಲ್ಲ. ಕನ್ನಡದಲ್ಲಿ ‘ಸಂಪೂರ್ಣ ಉಚಿತ’ ಎಂದು ಸಾರಿ, ಇಂಗ್ಲಿಷಿನಲ್ಲಿ ‘ಆಮೇಲೆ ₹399’ ಎಂದು ಗೊಣಗುವುದು ಈ ಯಾವ ಪರೀಕ್ಷೆಯಲ್ಲೂ ತೇರ್ಗಡೆಯಾಗುವುದಿಲ್ಲ. ನಿಮ್ಮ ದೂರಿನಲ್ಲಿ ಇದನ್ನೇ ಮೊದಲ ಅಂಶ ಮಾಡಿಕೊಳ್ಳಿ.

ಸಣ್ಣ ಅಕ್ಷರದ ಆಟಕ್ಕೆ ದಂಡ ಬಿದ್ದ ಉದಾಹರಣೆ ನಮ್ಮ ಬೆಂಗಳೂರಿನ ಕಂಪನಿಯದೇ ಇದೆ. ‘ಐದು ನಿಮಿಷದಲ್ಲಿ ಆಟೊ, ಇಲ್ಲವಾದರೆ ₹50’ ಎಂದು ಜಾಹೀರಾತು ಕೊಟ್ಟಿದ್ದ ರ‍್ಯಾಪಿಡೊಗೆ ಪ್ರಾಧಿಕಾರವು 2025ರ ಆಗಸ್ಟ್‌ನಲ್ಲಿ ₹10 ಲಕ್ಷ ದಂಡ ವಿಧಿಸಿತು. ಸಿಗುತ್ತಿದ್ದುದು ₹50 ನಗದಲ್ಲ, ಗರಿಷ್ಠ ₹50 ಮೌಲ್ಯದ ‘ಕಾಯಿನ್’. ಅದು ಬೈಕ್ ಸವಾರಿಗೆ ಮಾತ್ರ, ಅದೂ ಏಳು ದಿನದೊಳಗೆ. ಆ ಮಾತೆಲ್ಲ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿತ್ತು. ಜಾಹೀರಾತು ಹಲವು ಭಾಷೆಗಳಲ್ಲಿ, ನೂರಕ್ಕೂ ಹೆಚ್ಚು ನಗರಗಳಲ್ಲಿ ಒಂದೂವರೆ ವರ್ಷ ಓಡಿತ್ತು. ಅದು ಉಚಿತ ಪ್ರಯೋಗದ ಪ್ರಕರಣವಲ್ಲ, ಆದರೆ ‘ಕೆಳಗೆ ಬರೆದಿದ್ದೆವಲ್ಲ’ ಎಂಬ ಸಮಜಾಯಿಷಿಗೆ ಎಷ್ಟು ಬೆಲೆ ಎಂಬುದನ್ನು ಅದು ತೋರಿಸಿತು.

ಇನ್ನೊಂದು ನಿಯಮ ನಿಮ್ಮ ಪ್ರಕರಣಕ್ಕೆ ಅಳತೆ ತೆಗೆದು ಹೊಲಿದಂತಿದೆ. 2023ರ ನವೆಂಬರ್ 30ರಂದು ಪ್ರಾಧಿಕಾರವು ‘ಡಾರ್ಕ್ ಪ್ಯಾಟರ್ನ್’ಗಳನ್ನು, ಅಂದರೆ ಪರದೆಯ ವಿನ್ಯಾಸದಿಂದಲೇ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಹೆಸರಿಸಿದ 13 ತಂತ್ರಗಳಲ್ಲಿ ‘ಚಂದಾದಾರಿಕೆಯ ಬಲೆ’ ಒಂದು. ರದ್ದು ಮಾಡುವ ದಾರಿಯನ್ನು ಬಚ್ಚಿಡುವುದು, ಸುತ್ತಿ ಬಳಸಿ ಅಲೆದಾಡಿಸುವುದು ಅದರಲ್ಲಿ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಉಚಿತ ಚಂದಾ ಪಡೆಯಲು ಪಾವತಿಯ ವಿವರವನ್ನೋ ತಾನಾಗಿ ಹಣ ಕಡಿತಗೊಳಿಸುವ ಅನುಮತಿಯನ್ನೋ ಒತ್ತಾಯದಿಂದ ಪಡೆಯುವುದೂ ಬರುತ್ತದೆ. ಉಚಿತ ಪ್ರಯೋಗವು ಪಾವತಿಯ ಚಂದಾ ಆಗಿ ಬದಲಾಗುವಾಗ ಬಳಕೆದಾರರಿಗೆ ತಿಳಿಸದಿರುವುದನ್ನು, ಖಾತೆಯಿಂದ ಸದ್ದಿಲ್ಲದೆ ಹಣ ತೆಗೆಯುವುದನ್ನು ಇನ್ನೊಂದು ತಂತ್ರವಾಗಿ ಬೇರೆಯೇ ಪಟ್ಟಿ ಮಾಡಿದ್ದಾರೆ. ಇಳಿಯುವ ಗಡಿಯಾರದ ಸುಳ್ಳು ಅವಸರವೂ ಪಟ್ಟಿಯಲ್ಲಿದೆ. ನಿಮಗೆ ಆದದ್ದರಲ್ಲಿ ಮೊದಲ ಎರಡು ಇರುವಂತೆ ಕಾಣುತ್ತದೆ, ನೀವು ನೋಡಿದ ಜಾಹೀರಾತಿನಲ್ಲಿ ಅಂಥ ಗಡಿಯಾರವಿದ್ದರೆ ಮೂರನೆಯದೂ. 2025ರ ಜೂನ್‌ನಲ್ಲಿ ಇ-ಕಾಮರ್ಸ್ ವೇದಿಕೆಗಳು ಮೂರು ತಿಂಗಳೊಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಂಡು ಇವನ್ನು ತೆಗೆದುಹಾಕಬೇಕು ಎಂದು ಪ್ರಾಧಿಕಾರ ಸೂಚಿಸಿತು. ಆಮೇಲೂ ಇಂಥ ಪರದೆಗಳು ಕಾಣಿಸುತ್ತಲೇ ಇವೆ. ದೂರು ಕೊಡುವವರು ಕಡಿಮೆಯಿದ್ದಷ್ಟು ದಿನ ನಿಯಮ ಪುಸ್ತಕದಲ್ಲೇ ಉಳಿಯುತ್ತದೆ.

ಇದು ಇಲ್ಲಿ ಹುಟ್ಟಿದ ತಂತ್ರವೂ ಅಲ್ಲ, ಮೋಸಹೋದವರು ನೀವೊಬ್ಬರೇ ಅಲ್ಲ. ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆ, ಹಲ್ಲು ಬಿಳುಪಾಗಿಸುವ ವಸ್ತು ಇಂಥವನ್ನು ‘ಉಚಿತ, ಅಂಚೆ ವೆಚ್ಚ ಮಾತ್ರ ಕೊಡಿ’ ಎಂದು ಮಾರಿ, ಆ ಸಣ್ಣ ವೆಚ್ಚಕ್ಕೆಂದು ಪಡೆದ ಕಾರ್ಡ್ ಸಂಖ್ಯೆಯಿಂದ ತಿಂಗಳು ತಿಂಗಳು ಹಣ ಎಳೆದವರ ಮೇಲೆ ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ 2011ರಲ್ಲೇ ಮೊಕದ್ದಮೆ ಹೂಡಿತ್ತು. ದೊಡ್ಡ ಕಂಪನಿಗಳೂ ಹೊರತಲ್ಲ. ಗ್ರಾಹಕರನ್ನು ಸರಿಯಾದ ಒಪ್ಪಿಗೆಯಿಲ್ಲದೆ ಪ್ರೈಮ್ ಚಂದಾಕ್ಕೆ ಸೇರಿಸಿ, ಹೊರಬರುವ ದಾರಿಯನ್ನು ಕಷ್ಟವಾಗಿಸಿದ ಆರೋಪದ ಮೇಲೆ 2023ರಲ್ಲಿ ಅದೇ ಆಯೋಗ ಅಮೆಜಾನ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆಯೇ 250 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳಬೇಕಾದ ಹಣ. ಚಂದಾ ಸೇರುವಷ್ಟೇ ಸುಲಭವಾಗಿ ಬಿಡುವುದೂ ಇರಬೇಕು ಎಂದು ಆ ಆಯೋಗ ತಂದ ಸಾಮಾನ್ಯ ನಿಯಮವನ್ನು ಮಾತ್ರ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2025ರ ಜುಲೈನಲ್ಲಿ ರದ್ದು ಮಾಡಿತು. ಉಚಿತ ಚಂದಾಕ್ಕೆ ಪಾವತಿ ವಿವರವನ್ನು ಒತ್ತಾಯದಿಂದ ಕೇಳುವುದನ್ನೇ ಬಲೆ ಎಂದು ಕರೆದ ನಮ್ಮ ನಿಯಮ ಕಾಗದದ ಮೇಲೆ ಸಾಕಷ್ಟು ಗಟ್ಟಿಯಾಗಿದೆ. ಅದನ್ನು ಕೈಗೆತ್ತಿಕೊಳ್ಳುವವರು ಬೇಕು.

ಜಾಹೀರಾತಿನಲ್ಲಿ ಕಂಡ ಆ ಮುಖದ ವಿಷಯ. ‘ನಾನೂ ಇದರಲ್ಲೇ ಕಲಿತೆ’ ಎಂದು ಹೇಳುವವರು ತಮ್ಮ ನಿಜವಾದ ಅನುಭವವನ್ನೇ ಹೇಳಬೇಕು, ಹಣ ಪಡೆದು ಹೇಳುತ್ತಿದ್ದರೆ ಅದನ್ನು ತಿಳಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರವು ಕಂಪನಿಗೆ ಮಾತ್ರವಲ್ಲ, ಶಿಫಾರಸು ಮಾಡಿದವರಿಗೂ ₹10 ಲಕ್ಷದವರೆಗೆ, ಮರುಕಳಿಸಿದರೆ ₹50 ಲಕ್ಷದವರೆಗೆ ದಂಡ ವಿಧಿಸಬಹುದು. ಒಂದು ವರ್ಷದವರೆಗೆ ಯಾವ ವಸ್ತುವಿಗೂ ಶಿಫಾರಸು ಮಾಡದಂತೆ ಅವರನ್ನು ತಡೆಯಲೂಬಹುದು. ತಾವು ಹೇಳುವ ಮಾತು ನಿಜವೇ ಎಂದು ಮೊದಲು ತಕ್ಕಮಟ್ಟಿಗೆ ವಿಚಾರಿಸಿಕೊಂಡವರಿಗೆ ರಕ್ಷಣೆ ಇದೆ. ಬರೆದುಕೊಟ್ಟದ್ದನ್ನು ಓದಿ ಹೋದವರಿಗೆ ಇಲ್ಲ.

ಎರಡನೆಯ ಪ್ರಶ್ನೆ, ಹಣ ವಾಪಸ್ ಬರುತ್ತದೆಯೇ? ಖಚಿತವಾಗಿ ಬರುತ್ತದೆ ಎಂದು ನಿಮಗೆ ಆಸೆ ಹುಟ್ಟಿಸುವುದಿಲ್ಲ. ಭಾರತದಲ್ಲಿ ನೋಂದಾಯಿತ ಕಂಪನಿಯಾದರೆ ಸಾಧ್ಯತೆ ಚೆನ್ನಾಗಿದೆ. ವಿಳಾಸವೇ ಇಲ್ಲದ ಹೊರದೇಶದ ಆ್ಯಪ್ ಆದರೆ ಕಷ್ಟ. ಮೊದಲ ತಿಂಗಳ ₹399 ಕೇಳುವುದು ಸುಲಭ. ಎರಡು, ಮೂರನೆಯ ತಿಂಗಳ ಹಣಕ್ಕೆ ‘ನಾವು ಮೊದಲೇ ಸಂದೇಶ ಕಳಿಸಿದ್ದೆವು’ ಎಂದು ಅವರು ವಾದಿಸುತ್ತಾರೆ. ಆದ್ದರಿಂದ ಆ ಸಂದೇಶದ ನಿಯಮವನ್ನು ತಿಳಿದುಕೊಳ್ಳಿ.

ತಾನಾಗಿ ಕಡಿತವಾಗುವ ಪಾವತಿಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ಕಾರ್ಡ್‌ಗಳಿಗೆ ನಿಯಮ ತಂದು, 2020ರ ಜನವರಿಯಲ್ಲಿ ಅದನ್ನು ಯುಪಿಐಗೂ ವಿಸ್ತರಿಸಿತು. ಮ್ಯಾಂಡೇಟ್ ಮಾಡುವಾಗ ಒಮ್ಮೆ ಪಿನ್ ಅಥವಾ ಒಟಿಪಿ ಬೇಕು. ಆಮೇಲೆ ₹15,000ದವರೆಗಿನ ಕಡಿತಕ್ಕೆ ಪ್ರತಿ ಸಲ ಕೇಳಬೇಕಿಲ್ಲ. ನಿಮ್ಮ ₹399 ಸಲೀಸಾಗಿ ಹೋದದ್ದು ಹೀಗೆ. ಆದರೆ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಅದರಲ್ಲಿ ಹಣ ಯಾರಿಗೆ, ಎಷ್ಟು, ಯಾವಾಗ, ಯಾಕೆ ಹೋಗುತ್ತದೆ ಎಂಬುದಿರಬೇಕು, ಬೇಡವೆನ್ನುವ ಅವಕಾಶವೂ ಇರಬೇಕು. ಮ್ಯಾಂಡೇಟನ್ನು ಯಾವಾಗ ಬೇಕಾದರೂ ಹಿಂಪಡೆಯುವ ಸೌಲಭ್ಯವನ್ನು ಕೊಡಲೇಬೇಕು. ನಿಮ್ಮ ಮೊಬೈಲಿನ ಹಳೆಯ ಸಂದೇಶಗಳನ್ನು ತೆಗೆದು, ಪ್ರತಿ ಕಡಿತದ ಹಿಂದಿನ ದಿನ ಏನಾದರೂ ಬಂದಿದೆಯೇ ನೋಡಿ. ಬಂದಿಲ್ಲವಾದರೆ ಬ್ಯಾಂಕಿನ ಮೇಲೂ ನಿಮಗೆ ದೂರಿದೆ. ಅದನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಬಳಿಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಸಂದೇಶ ಬಂದಿದ್ದು ನೀವು ಗಮನಿಸದೆ ಇದ್ದರೂ ಜಾಹೀರಾತಿನ ವಿರುದ್ಧದ ದೂರು ಹಾಗೇ ಉಳಿಯುತ್ತದೆ. ದಿನಕ್ಕೆ ಇಪ್ಪತ್ತು ಜಾಹೀರಾತು ಸಂದೇಶಗಳ ನಡುವೆ ಬಂದ ಒಂದು ಇಂಗ್ಲಿಷ್ ಸಾಲನ್ನು ಓದಲಿಲ್ಲವೆಂದು ಮೂಲದ ಸುಳ್ಳು ಸತ್ಯವಾಗುವುದಿಲ್ಲ.

ಸಾಕ್ಷ್ಯ ಜೋಡಿಸುವುದು ಕಷ್ಟವೇನಲ್ಲ. ಪಾಸ್‌ಬುಕ್ ಪುಟದ ಚಿತ್ರ, ಮ್ಯಾಂಡೇಟಿನ ಸ್ಕ್ರೀನ್‌ಶಾಟ್, ಒಂದು ರೂಪಾಯಿ ಕೊಟ್ಟ ದಿನದ ವಹಿವಾಟಿನ ಸಂಖ್ಯೆ, ಇಷ್ಟು ನಿಮ್ಮ ಕೈಯಲ್ಲೇ ಇದೆ. ಜಾಹೀರಾತು ಮಾತ್ರ ಹೋಗಿಬಿಟ್ಟಿದೆ ಎಂದುಕೊಳ್ಳಬೇಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತುಗಳನ್ನು ಮೆಟಾ ಕಂಪನಿಯ ‘ಆ್ಯಡ್ ಲೈಬ್ರರಿ’ಯಲ್ಲಿ, ಯೂಟ್ಯೂಬ್ ಜಾಹೀರಾತುಗಳನ್ನು ಗೂಗಲ್‌ನ ‘ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್’ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಕಂಪನಿಯ ಹೆಸರು ಹಾಕಿ ನೋಡಿ. ಅದೇ ಜಾಹೀರಾತು ಇನ್ನೂ ಓಡುತ್ತಿದ್ದರೆ ಸಿಕ್ಕಿಬಿಡುತ್ತದೆ. ದೂರು ಕೊಡುವ ಮೊದಲೇ ಅದನ್ನು ಉಳಿಸಿಕೊಳ್ಳಿ, ಕೊಟ್ಟ ಮೇಲೆ ಅದು ಮಾಯವಾಗಬಹುದು. ನಿಮ್ಮ ಶಾಲೆಯ ಸಹೋದ್ಯೋಗಿಗಳಿಗೂ ಅದೇ ಜಾಹೀರಾತು ಬಂದಿರಬಹುದು, ಕೇಳಿ ನೋಡಿ.

ಮೊದಲ ಮೆಟ್ಟಿಲು ಆ ಆ್ಯಪಿನೊಳಗೆ ಕೊಟ್ಟಿರುವ ಇ-ಮೇಲ್‌ಗೆ ಒಂದು ಪತ್ರ. ಎರಡನೆಯದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ. ಅವರು ದೂರನ್ನು ದಾಖಲಿಸಿಕೊಂಡು ಕಂಪನಿಗೆ ಕಳಿಸುತ್ತಾರೆ. ₹1,200ರ ಆಸುಪಾಸಿನ ಮೊತ್ತಗಳಲ್ಲಿ ಕಂಪನಿಗಳು ಈ ಹಂತದಲ್ಲೇ ಹಣ ಹಿಂತಿರುಗಿಸಿ ಕೈತೊಳೆದುಕೊಳ್ಳಲು ನೋಡುತ್ತವೆ. ಮುಂದಿನ ಹಂತ ಅವರಿಗೆ ದುಬಾರಿ. ಮುಂದಿನ ಹಂತವೆಂದರೆ ಹಾವೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕಂಪನಿ ಬೆಂಗಳೂರಿನಲ್ಲಿರಲಿ, ಗುರುಗ್ರಾಮದಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹಾಕುವ ಹಕ್ಕನ್ನು 2019ರ ಕಾಯ್ದೆ ಕೊಟ್ಟಿದೆ. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆನ್‌ಲೈನ್‌ನಲ್ಲಿ ಸಲ್ಲಿಸಲು ‘ಇ-ಜಾಗೃತಿ’ ಪೋರ್ಟಲ್ ಇದೆ. ಹಣದ ಜೊತೆಗೆ ಅಲೆದಾಟದ ವೆಚ್ಚ ಮತ್ತು ಮಾನಸಿಕ ಕಿರುಕುಳಕ್ಕೆ ಪರಿಹಾರವನ್ನೂ ಕೇಳಬಹುದು. ಆದರೂ ಸಹಾಯವಾಣಿಯ ಮೆಟ್ಟಿಲನ್ನು ಬಿಟ್ಟು ನೇರ ಅಲ್ಲಿಗೆ ಹೋಗುವುದನ್ನು ನಾನು ಸಲಹೆ ಮಾಡುವುದಿಲ್ಲ. ಆಯೋಗದಲ್ಲಿ ದಿನಾಂಕಗಳು ಮುಂದೆ ಹೋಗುತ್ತವೆ, ನಿಮಗೆ ಶಾಲೆಗೆ ರಜೆ ಹಾಕಬೇಕಾಗುತ್ತದೆ.

ಮೂರನೆಯ ಪ್ರಶ್ನೆಗೆ ಬರುತ್ತೇನೆ. ಉಚಿತ ಪ್ರಯೋಗಗಳೆಲ್ಲ ಮೋಸವಲ್ಲ. ಮೊಬೈಲ್ ಸಂಖ್ಯೆ ಅಥವಾ ಇ-ಮೇಲ್ ಮಾತ್ರ ಕೇಳಿ, ಅವಧಿ ಮುಗಿದಾಗ ತಾನೇ ನಿಂತುಹೋಗಿ, ‘ಮುಂದುವರಿಸಲು ಹಣ ಕೊಡಿ’ ಎನ್ನುವುದು ನೇರವಾದ ವ್ಯಾಪಾರ. ಹಣ ಬೇಡವೆಂದವರಿಗೆ ನಿಮ್ಮ ಖಾತೆಯ ದಾರಿ ಯಾಕೆ ಬೇಕು ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಂಡರೆ ಹೆಚ್ಚಿನವು ಬಯಲಾಗುತ್ತವೆ. ಒಂದು ರೂಪಾಯಿ ಕೇಳುವುದು ಆ ರೂಪಾಯಿಗಾಗಿ ಅಲ್ಲ, ಮ್ಯಾಂಡೇಟಿಗಾಗಿ.

ಪಿನ್ ಹಾಕುವ ಮೊದಲು ಬರುವ ಯುಪಿಐ ಪರದೆಯಲ್ಲಿ ಸಾಮಾನ್ಯ ಪಾವತಿಯಲ್ಲಿ ಇಲ್ಲದ ಸಾಲುಗಳು ಇರುತ್ತವೆ. ಮೇಲೆ ದೊಡ್ಡದಾಗಿ ₹1. ಅದರ ಕೆಳಗೆ ಗರಿಷ್ಠ ಮೊತ್ತ: ತಿಂಗಳ ಚಂದಾ ₹399 ಇದ್ದರೂ ಇಲ್ಲಿ ಅದಕ್ಕಿಂತ ಹೆಚ್ಚು ಬರೆದಿರಬಹುದು, ಅಂದರೆ ಅಷ್ಟರವರೆಗೆ ತೆಗೆಯಲು ನೀವು ಒಪ್ಪುತ್ತಿದ್ದೀರಿ. ಅದರ ಕೆಳಗೆ ಎಷ್ಟು ಸಲ: ಮಾಸಿಕ, ತ್ರೈಮಾಸಿಕ, ಅಥವಾ ಕಂಪನಿ ಕೇಳಿದಾಗಲೆಲ್ಲ. ಕೊನೆಯಲ್ಲಿ ಎಲ್ಲಿಯವರೆಗೆ: ಎಷ್ಟೋ ಮ್ಯಾಂಡೇಟುಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಮುಂದಿನ ದಿನಾಂಕವಿರುತ್ತದೆ. ಏಳು ದಿನದ ಪ್ರಯೋಗಕ್ಕೆ ಮೂವತ್ತು ವರ್ಷದ ಅನುಮತಿ ಏಕೆ? ‘ಆಟೊಪೇ’ ಎಂಬ ಪದ ಆ ಪರದೆಯಲ್ಲಿ ಕಂಡರೆ ಹಿಂದಕ್ಕೆ ಬನ್ನಿ. ಆದರೂ ಪ್ರಯೋಗಿಸಿ ನೋಡಬೇಕೆನಿಸಿದರೆ, ಶುರು ಮಾಡಿದ ದಿನವೇ ಮ್ಯಾಂಡೇಟನ್ನು ರದ್ದು ಮಾಡಿ. ಏಳನೆಯ ದಿನಕ್ಕೆ ಕಾಯಬೇಡಿ. ಪ್ಲೇ ಸ್ಟೋರ್ ಮೂಲಕ ಪಡೆದ ಪ್ರಯೋಗಗಳು ಬಹುತೇಕ ರದ್ದು ಮಾಡಿದ ಮೇಲೂ ಅವಧಿ ಮುಗಿಯುವವರೆಗೆ ನಡೆಯುತ್ತವೆ. ಅಲ್ಲಿ ಹಣ ಕಡಿತವಾಗಿಬಿಟ್ಟರೂ 48 ಗಂಟೆಯೊಳಗೆ ಮರುಪಾವತಿ ಕೇಳಿದರೆ ಸಿಗುವ ಸಾಧ್ಯತೆ ಇದೆ.

ದೂರು ಬರೆಯಲು ಕೈ ನಡುಗುವುದು ಬೇಡ. ಇಷ್ಟು ಸಾಕು, ಇದನ್ನೇ ನಕಲು ಮಾಡಿಕೊಳ್ಳಿ:

“ದಿನಾಂಕ … ರಂದು ನಿಮ್ಮ ಕಂಪನಿಯ ಕನ್ನಡ ಜಾಹೀರಾತಿನಲ್ಲಿ ‘ಏಳು ದಿನ ಸಂಪೂರ್ಣ ಉಚಿತ’ ಎಂದು ನೋಡಿ, ಖಾತೆ ಖಚಿತಪಡಿಸಲು ಎಂದು ಕೇಳಿದ ₹1 ಪಾವತಿಸಿದ್ದೇನೆ. ತಿಂಗಳಿಗೆ ₹399 ಕಡಿತವಾಗುತ್ತದೆ ಎಂದು ಜಾಹೀರಾತಿನ ಭಾಷೆಯಲ್ಲಿ, ಓದಬಹುದಾದ ಅಕ್ಷರದಲ್ಲಿ ತಿಳಿಸಿರಲಿಲ್ಲ. ಆ ಚಂದಾಕ್ಕೆ ನಾನು ಒಪ್ಪಿಲ್ಲ. ದಿನಾಂಕ …, …, … ರಂದು ಒಟ್ಟು ₹1,197 ಕಡಿತವಾಗಿದೆ. ಇದು ದಾರಿ ತಪ್ಪಿಸುವ ಜಾಹೀರಾತುಗಳ ಕುರಿತ 2022ರ ಮಾರ್ಗಸೂಚಿ ಹಾಗೂ ಡಾರ್ಕ್ ಪ್ಯಾಟರ್ನ್ ಕುರಿತ 2023ರ ಮಾರ್ಗಸೂಚಿಗೆ ವಿರುದ್ಧವಾಗಿದೆ. ಮ್ಯಾಂಡೇಟನ್ನು ರದ್ದು ಮಾಡಿದ್ದೇನೆ. ಪೂರ್ಣ ಮೊತ್ತವನ್ನು 15 ದಿನಗಳೊಳಗೆ ಅದೇ ಖಾತೆಗೆ ಹಿಂತಿರುಗಿಸಬೇಕು.”

ಮ್ಯಾಂಡೇಟ್ ರದ್ದು ಮಾಡಿದ ಮೇಲೆಯೇ ಇದನ್ನು ಕಳಿಸಿ, ಏಕೆಂದರೆ ಪತ್ರದಲ್ಲಿ ಹಾಗೆ ಬರೆದಿದ್ದೀರಿ. ಜಾಹೀರಾತಿನಲ್ಲಿ ಷರತ್ತು ಕನ್ನಡದಲ್ಲೇ ದೊಡ್ಡದಾಗಿ ಇದ್ದುದು ಪರಿಶೀಲಿಸಿದಾಗ ಕಂಡರೆ ಆ ವಾಕ್ಯವನ್ನು ತೆಗೆದುಬಿಡಿ, ಸುಳ್ಳು ಬರೆಯಬಾರದು.

ಇದೇ ಪತ್ರದ ಇನ್ನೊಂದು ಪ್ರತಿಯನ್ನು, ಜಾಹೀರಾತಿನ ಚಿತ್ರ ಲಗತ್ತಿಸಿ, ನಿಮ್ಮ ಜಿಲ್ಲಾಧಿಕಾರಿಗೆ ಕೊಡಿ. ದಾರಿ ತಪ್ಪಿಸುವ ಜಾಹೀರಾತಿನ ದೂರನ್ನು ಕೇಂದ್ರ ಪ್ರಾಧಿಕಾರಕ್ಕೆ ಮಾತ್ರವಲ್ಲ, ಜಿಲ್ಲಾಧಿಕಾರಿಗೂ ಲಿಖಿತವಾಗಿ ಸಲ್ಲಿಸಬಹುದು ಎಂದು ಕಾಯ್ದೆಯ 17ನೇ ಕಲಂ ಹೇಳುತ್ತದೆ. ವಿಚಾರಿಸಿ ಪ್ರಾಧಿಕಾರಕ್ಕೆ ವರದಿ ಕಳಿಸುವ ಅಧಿಕಾರ ಅವರಿಗಿದೆ. ಇದರಿಂದ ನಿಮ್ಮ ₹1,197 ಬೇಗ ಬರುತ್ತದೆ ಎಂದಲ್ಲ. ಆ ಜಾಹೀರಾತು ನಿಲ್ಲಬೇಕಾದರೆ ಹೋಗಬೇಕಾದ ದಾರಿ ಇದು, ಕನ್ನಡದ ಅರ್ಜಿ ಅಲ್ಲಿ ಸಾಕು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಮೊದಲ ಕಡಿತವಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ನಿಮಗೆ ಇನ್ನೂ ಒಂದು ವರ್ಷ ಎಂಟು ತಿಂಗಳಿಗಿಂತ ಹೆಚ್ಚು ಸಮಯವಿದೆ.